ಒಂದು ಕಂಪ್ಯೂಟರ್, ಐದು ಮಕ್ಕಳು

ಕೆಂಟಾರೊ ಟೊಯಾಮಾ ಎಂಬ ಹೆಸರು ನಿಮ್ಮಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ಕೆಲವರಿಗಾದರೂ ಪರಿಚಿತವಿರಬಹುದು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ, ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿರುವ ನನಗೆ ಆ ಹೆಸರು ತಿಳಿದದ್ದು ಹಳೆಯ ವಿದ್ಯಾರ್ಥಿಯೊಬ್ಬರು ತಂದುಕೊಟ್ಟ ಪುಸ್ತಕದಿಂದ. ಅದು 2015ರಲ್ಲಿ ಪ್ರಕಟವಾದ ‘ಗೀಕ್ ಹೆರೆಸಿ’. ಗಣಕ ವಿಜ್ಞಾನಿಯೊಬ್ಬರು ಗಣಕಯಂತ್ರದ ಮಿತಿಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ. ಬಿ.ಇಡಿ. ತರಗತಿಯಲ್ಲಿ ದೃಕ್-ಶ್ರವಣ ಉಪಕರಣಗಳ ಬಗ್ಗೆ ನಾವು ಓದಿದ್ದ ಪಾಠಗಳು ಇದರ ಮುಂದೆ ಬಹಳ ಸಪ್ಪೆ ಎನ್ನಿಸಿದವು.

ಟೊಯಾಮಾ ಅವರು 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಎಂಬ ಸಂಶೋಧನಾ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರು. ಅವರೂ ಅವರ ಜೊತೆಗಾರರೂ ಗ್ರಾಮೀಣ ಸರ್ಕಾರಿ ಶಾಲೆಗಳಿಗೆ ಹೋದಾಗ ಕಂಡ ದೃಶ್ಯ ನಮಗಾರಿಗೂ ಹೊಸದಲ್ಲ. ಒಂದು ಕಂಪ್ಯೂಟರ್, ಅದರ ಸುತ್ತ ಐದಾರು ಮಕ್ಕಳು, ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಆ ಒಬ್ಬ ಅನೇಕ ವೇಳೆ ಮೇಲ್ಜಾತಿಯ ಹುಡುಗನಾಗಿರುತ್ತಿದ್ದನೆಂದು ಟೊಯಾಮಾ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಉದಯ್ ಸಿಂಗ್ ಪವಾರ್, ಜೊಯೋಜೀತ್ ಪಾಲ್ ಮತ್ತು ಟೊಯಾಮಾ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. ಒಂದೇ ಕಂಪ್ಯೂಟರಿಗೆ ಹಲವು ಮೌಸ್‌ಗಳನ್ನು ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣವನ್ನು ಕೊಟ್ಟರು. 2006ರಲ್ಲಿ ಅವರ ಮೊದಲ ಪ್ರಬಂಧ ಬಂದಿತು. ಯಾರು ಮೊದಲು ಒತ್ತುವರೋ ಅವರೇ ಗೆದ್ದರು ಎಂಬ ಆಟಕ್ಕೂ, ಎಲ್ಲರೂ ಒಂದೇ ಉತ್ತರವನ್ನು ಒಪ್ಪಿದರೆ ಮಾತ್ರ ಮುಂದಿನ ಪ್ರಶ್ನೆ ಎಂಬ ಆಟಕ್ಕೂ ಕಲಿಕೆಯಲ್ಲಿ ಇರುವ ವ್ಯತ್ಯಾಸವನ್ನು ಅವರು ಪರೀಕ್ಷಿಸಿದರು. ಎರಡನೆಯದರಲ್ಲಿ ಮಕ್ಕಳು ಒಬ್ಬರೊಡನೊಬ್ಬರು ಚರ್ಚಿಸಲೇಬೇಕು. ಇದೇ ವಿಚಾರ ‘ಮೌಸ್ ಮಿಸ್ಚಿಫ್’ ಎಂಬ ಹೆಸರಿನಲ್ಲಿ 2010ರಲ್ಲಿ ಶಿಕ್ಷಕರ ಉಪಯೋಗಕ್ಕೂ ಬಂದಿತು.

ಇದನ್ನು ಓದುವಾಗ ನಾಗಮಂಗಲ ತಾಲ್ಲೂಕಿನ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿ ಕಣ್ಣ ಮುಂದೆ ಬಂದಿತು. ಆ ಕಾಲದ ವಿದ್ಯಾರ್ಥಿಗಳಿಗೆ ನೆನಪಿರಬೇಕು: ಎಂಟು ಯಂತ್ರಗಳು, ಅವುಗಳ ಮೇಲೆ ಹಸಿರು ಬಟ್ಟೆಯ ಹೊದಿಕೆ, ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳು. ಹುಡುಗಿಯರು ಸದಾ ಹಿಂದಿನ ಸಾಲಿನಲ್ಲಿ. ಅವರಲ್ಲೊಬ್ಬಳು ಹಿಂದೆ ನಿಂತು, ಯಾವ ಗುಂಡಿ ಒತ್ತಬೇಕೆಂಬುದನ್ನು ಕುಳಿತಿದ್ದ ಹುಡುಗನಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಗುತ್ತಿಗೆಯ ಮೇಲೆ ಬಂದಿದ್ದ ಯುವ ಬೋಧಕರು ಇದನ್ನು ಗಮನಿಸಿ, ಹತ್ತು ನಿಮಿಷಕ್ಕೊಮ್ಮೆ ಘಂಟೆ ಬಾರಿಸಿ ಮಕ್ಕಳ ಸ್ಥಾನ ಬದಲಾಯಿಸುವ ಪದ್ಧತಿ ತಂದರು. ಯಾವ ಹೊಸ ಯಂತ್ರವೂ ಬರಲಿಲ್ಲ, ಆದರೂ ಆ ವರ್ಷ ಹುಡುಗಿಯರೂ ಕುಳಿತು ಕಲಿತರು. ಮುಂದೆ ಗುತ್ತಿಗೆಯ ಅವಧಿ ಮುಗಿಯಿತು, ಅವರು ಹೊರಟುಹೋದರು. ಯುಪಿಎಸ್‌ನ ಬ್ಯಾಟರಿಗಳು ಸತ್ತವು. ಕೊಠಡಿಗೆ ಬೀಗ ಬಿತ್ತು. ತಪಾಸಣೆಯ ದಿನ ಮಾತ್ರ ಬಾಗಿಲು ತೆರೆದು ಧೂಳು ಒರೆಸುವ ಕಾರ್ಯಕ್ರಮ ಬಹಳ ವರ್ಷ ನಡೆಯಿತು.

ಐದು ವರ್ಷಗಳ ಅವಧಿಯಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಹತ್ತಕ್ಕೂ ಕಡಿಮೆಯಿಲ್ಲದ ತಂತ್ರಜ್ಞಾನ ಯೋಜನೆಗಳನ್ನು ನಡೆಸಿದ ಟೊಯಾಮಾ ತಲುಪಿದ ನಿರ್ಣಯವೂ ಇದೇ. ತಂತ್ರಜ್ಞಾನವು ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ಸೃಷ್ಟಿಸುವುದಿಲ್ಲ. ಒಳ್ಳೆಯ ಶಿಕ್ಷಕರೂ ಕಾಳಜಿಯುಳ್ಳ ಮುಖ್ಯೋಪಾಧ್ಯಾಯರೂ ಇದ್ದಲ್ಲಿ ಯಂತ್ರ ನೆರವಾಗುತ್ತದೆ, ಅವರಿಲ್ಲದ ಕೊರತೆಯನ್ನು ಅದು ತುಂಬಲಾರದು. ತನ್ನ ಸಂಸ್ಥೆಯೇ ಮಾರುವ ವಸ್ತುವಿನ ಬಗ್ಗೆ ಇಷ್ಟು ನಿಷ್ಠುರವಾಗಿ ಯೋಚಿಸುವುದು ಸಾಮಾನ್ಯವಲ್ಲ.

ಹಾಗೆಂದು ಯಂತ್ರವೇ ನಿಷ್ಪ್ರಯೋಜಕವೆಂದಲ್ಲ. ವಡೋದರಾ ನಗರದ ಪುರಸಭಾ ಶಾಲೆಗಳಿಗೆ 2000ದಲ್ಲಿ ತಲಾ ನಾಲ್ಕು ಕಂಪ್ಯೂಟರ್‌ಗಳು ಬಂದಿದ್ದವು. ಹೆಚ್ಚಿನವು ಸುಮ್ಮನೆ ಕುಳಿತಿದ್ದವು. ಅನಂತರ ‘ಪ್ರಥಮ್’ ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿದರು. ಮಕ್ಕಳ ಗಣಿತ ಗಣನೀಯವಾಗಿ ಸುಧಾರಿಸಿತೆಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 2007ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿಯೂ ಆಟಗಳನ್ನು ಪಾಠಕ್ಕೆ ತಕ್ಕಂತೆ ಆರಿಸಿದವರು, ಪಕ್ಕದಲ್ಲಿ ನಿಂತು ನೋಡಿಕೊಂಡವರು ಮನುಷ್ಯರೇ ಎಂಬುದನ್ನು ಗಮನಿಸಬೇಕು.

ಅಂತರ್ಜಾಲದ ಪಾಠಗಳಿಗೆ ದೊಡ್ಡ ಪರೀಕ್ಷೆ ಬಂದದ್ದು 2020ರಲ್ಲಿ. ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬಂದವು. ಖಾಸಗಿ ಶಾಲೆಗಳು ಮೊಬೈಲ್‌ನಲ್ಲಿ ತರಗತಿ ನಡೆಸಿದವು. ಪಾಂಡವಪುರದ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್, ಅದು ಬೆಳಗ್ಗೆಯೇ ಮಗುವಿನ ತಂದೆಯ ಜೇಬಿನಲ್ಲಿ ಕಬ್ಬಿನ ಗದ್ದೆಗೆ ಹೋಗುತ್ತಿತ್ತು. ಐದು ಮಕ್ಕಳಿಗೆ ಒಂದು ಮೌಸ್ ಇದ್ದ ಕಾಲವೇ ವಾಸಿಯಾಗಿತ್ತು! ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲೋ ಅರಳಿಕಟ್ಟೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಎರಡು ತಿಂಗಳಲ್ಲಿ ಕಲಿತದ್ದೇ ಕಲಿತದ್ದು ಎಂದು ಆ ಮಗುವಿನ ತಾಯಿ ಇಂದಿಗೂ ಹೇಳುತ್ತಾಳೆ.

ಟೊಯಾಮಾ ಅವರ ಮಾತಿಗೆ ನನ್ನದೊಂದು ತಿದ್ದುಪಡಿಯಿದೆ. ಕಂಪ್ಯೂಟರ್ ಮುಟ್ಟಿದ ಮಗುವಿಗೆ ಊರಿನಲ್ಲಿ ಸಿಗುವ ಗೌರವವನ್ನು ಕಡೆಗಣಿಸಬಾರದು. ಬಡ ತಂದೆತಾಯಿಯರು ಅದಕ್ಕಾಗಿಯೇ ಹಂಬಲಿಸುವರೆಂಬುದನ್ನು ಅವರ ಜೊತೆಗಾರರೇ ಅಧ್ಯಯನ ಮಾಡಿ ಬರೆದಿದ್ದಾರೆ. ಪಿಸುಮಾತಿನ ಆ ಹುಡುಗಿ ಮೊದಲ ಬಾರಿಗೆ ಮೌಸ್ ಹಿಡಿದಾಗ ಬೆನ್ನು ನೇರ ಮಾಡಿ ಕುಳಿತದ್ದನ್ನು ನಾನು ಕಂಡಿದ್ದೇನೆ. ಅದು ಯಾವ ಅಂಕಪಟ್ಟಿಯಲ್ಲಿಯೂ ಬರುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ನೀವೆಲ್ಲ ಸೇರಿ ನಾಗಮಂಗಲದ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಲು ಹಣ ಸಂಗ್ರಹಿಸಿದ್ದೀರಿ, ನನ್ನ ಅಭಿಪ್ರಾಯವನ್ನೂ ಕೇಳಿದ್ದೀರಿ. ಅಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿಯಿದೆ. ಸಮಾಜ ವಿಜ್ಞಾನದ ಶಿಕ್ಷಕಿಯೇ ಬೀಜಗಣಿತವನ್ನೂ ನೋಡಿಕೊಳ್ಳುತ್ತಿದ್ದಾರೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳೊಬ್ಬರು ಪಕ್ಕದ ಊರಿನಲ್ಲಿದ್ದಾರೆ, ಬರಲು ಒಪ್ಪಿದ್ದಾರೆ. ಎಸ್‌ಡಿಎಂಸಿಯ ಮೂಲಕ ಮಾರ್ಚ್‌ವರೆಗೆ ಅವರಿಗೆ ಗೌರವಧನ ಕೊಡಲು ಈ ಹಣ ಸಾಕಾಗುತ್ತದೆ. ಉಳಿದದ್ದರಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ ಆ ಬೀಗ ತೆಗೆಸಬಹುದು. ಮುಂದಿನ ವರ್ಷ ಬೋರ್ಡಿನ ವಿಷಯ ಯೋಚಿಸೋಣ. ನನ್ನ ಪಾಲಿನ ಹಣವನ್ನು ಖಜಾಂಚಿಯವರಿಗೆ ತಲುಪಿಸಿದ್ದೇನೆ. ಒಪ್ಪದವರು ಈ ತಿಂಗಳ ಕೊನೆಯೊಳಗೆ ದಯವಿಟ್ಟು ತಿಳಿಸಿ.