ಲದ್ದಿ ಕಲಿಸಿದ ಇಂಗ್ಲಿಷ್

ಕುಟ್ಟದಲ್ಲಿ ಮಳೆ ಹಿಡಿದು ಕರೆಂಟು ಹೋದ ಸಂಜೆ. ಮಗಳು ಮೇಣದ ಬತ್ತಿ ಹಚ್ಚಿ ಇಂಗ್ಲಿಷ್ ಸಾಹಸ ಕಾದಂಬರಿ ಓದುತ್ತಿದ್ದಳು. ದುಷ್ಟ ಆಡಳಿತದ ಊರಿನಿಂದ ಮಕ್ಕಳು ಒಗಟು ಬಿಡಿಸುತ್ತಾ ಪಾರಾಗುವ ಕಥೆ.

"ಅಪ್ಪಾ, ಡಿಸ್ಟೋಪಿಯ ಅಂದ್ರೇನು? ಕ್ಲೂ ಅಂದ್ರೆ?"

ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ನಾಚಿ ಸುಮ್ಮನಾದೆ.

ಮರುದಿನ ಕಾಫಿ ತೋಟದ ದಾರಿಯಲ್ಲಿ ಆನೆ ಲದ್ದಿ ಕಂಡಿತು. "ಇನ್ನೂ ಹಬೆಯಾಡುತ್ತಿದೆ. ಆನೆ ಹತ್ತಿರದಲ್ಲೇ ಇದೆ, ಹಿಂದಕ್ಕೆ ನಡಿ" ಎಂದೆ. ಮನೆ ಸೇರಿದ ಮೇಲೆ ಅವಳೆಂದಳು: "ಅಪ್ಪಾ, ಆ ಲದ್ದಿಯೇ ಕ್ಲೂ!"

ರಾತ್ರಿ ಇಬ್ಬರೂ ನಿಘಂಟು ತೆರೆದೆವು. ಡಿಸ್ಟೋಪಿಯ ಎಂದರೆ ಕೇಡಿನ ನಾಡು. ಥಾಮಸ್ ಮೋರ್ 1516ರಲ್ಲಿ ಬರೆದ 'ಯುಟೋಪಿಯ'ಕ್ಕೆ ತದ್ವಿರುದ್ಧ. ಕ್ಲೂ ಎಂದರೆ ಮೊದಲು ನೂಲಿನ ಉಂಡೆಯಂತೆ! ಗ್ರೀಕ್ ಕಥೆಯ ಥೀಸಿಯಸ್ ಚಕ್ರವ್ಯೂಹದಿಂದ ಹೊರಬಂದದ್ದು ನೂಲು ಹಿಡಿದೇ.

ಈಗ ಪದ ಅವಳು ತರುತ್ತಾಳೆ, ಅರ್ಥವನ್ನು ಇಬ್ಬರೂ ತೋಟದಲ್ಲಿ ಹುಡುಕುತ್ತೇವೆ. ನನಗೆ ನಾಚಿಕೆಯಿಲ್ಲ.