ರಕ್ತಸಂಬಂಧ

ರಕ್ತವನ್ನು ಕುರಿತ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಮಗ ಪರೀಕ್ಷೆಯಲ್ಲಿ ಗೆದ್ದು ಬಂದರೆ ಅವನ ಮೈಯಲ್ಲಿ ತಂದೆಯ ಮನೆತನದ ರಕ್ತ ಹರಿಯುತ್ತದೆ. ಸೋತು ಬಂದರೆ ತಾಯಿಯ ತವರಿನ ರಕ್ತ. ಈ ತೀರ್ಪು ಕೊಡಲು ಹಿರಿಯರಿಗೆ ಯಾವ ಪ್ರಯೋಗಶಾಲೆಯೂ ಬೇಕಾಗುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಪರೀಕ್ಷೆಯ ಚೀಟಿ ಮನೆಮನೆಗೆ ಬಂದ ಮೇಲೆ, ಹಗುರವಾಗಿ ಆಡುತ್ತಿದ್ದ ಮಾತು ಕೆಲವೊಮ್ಮೆ ಭಾರವಾಗುವುದುಂಟು.

ಕುರುಗೋಡಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದೊಡ್ಡಬಸವೇಶ್ವರನ ತೇರಿಗೆಂದು ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಸೇರಿದ್ದಾರೆ. ಮೊಮ್ಮಗನ ಶಾಲೆಯ ಗುರುತಿನ ಚೀಟಿಯಲ್ಲಿ ರಕ್ತದ ಗುಂಪು ‘ಓ’ ಎಂದಿದೆ. ತಂದೆಯದು ‘ಎ’, ತಾಯಿಯದು ‘ಬಿ’. “ಅಪ್ಪಂದೂ ಅಲ್ಲ, ಅವ್ವಂದೂ ಅಲ್ಲ, ಇದು ಎಲ್ಲಿಂದ ಬಂತವ್ವಾ?” ಎಂದು ಅತ್ತೆ ನಗುತ್ತಲೇ ಕೇಳುತ್ತಾಳೆ. ಸೊಸೆಗೆ ನಗು ಬರುವುದಿಲ್ಲ. ಹತ್ತು ಜನರ ನಡುವೆ ಬಿದ್ದ ಅಂಥ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯ ಅತ್ತೆಗೂ ತಿಳಿಯದು.

ಉತ್ತರವೇನೋ ಸರಳವಾಗಿಯೇ ಇದೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತದಲ್ಲಿ ಮೂರು ಗುಂಪುಗಳಿರುವುದನ್ನು ತೋರಿಸಿಕೊಟ್ಟನು. ನಾಲ್ಕನೆಯದಾದ ‘ಎಬಿ’ ಮರುವರ್ಷ ಆತನ ಸಹೋದ್ಯೋಗಿಗಳಿಗೆ ದೊರೆಯಿತು. ಈ ಗುಂಪುಗಳು ಹೆತ್ತವರಿಂದ ಮಕ್ಕಳಿಗೆ ಇಳಿದುಬರುವ ಲೆಕ್ಕವನ್ನು 1924ರಲ್ಲಿ ಸರಿಯಾಗಿ ಬಿಡಿಸಿದವನು ಫೆಲಿಕ್ಸ್ ಬರ್ನ್‌ಸ್ಟೈನ್. ಆತ ವೈದ್ಯನಲ್ಲ, ಗಣಿತಜ್ಞ ಎಂಬುದು ಸ್ವಾರಸ್ಯ.

ಆ ಲೆಕ್ಕವನ್ನು ಬಳೆಗಳಿಂದ ತಿಳಿಯಬಹುದು. ಪ್ರತಿಯೊಬ್ಬರಲ್ಲಿಯೂ ಎರಡು ಬಳೆಗಳಿವೆ ಎಂದಿಟ್ಟುಕೊಳ್ಳೋಣ. ಒಂದು ತಂದೆ ಕೊಟ್ಟದ್ದು, ಇನ್ನೊಂದು ತಾಯಿ ಕೊಟ್ಟದ್ದು. ‘ಎ’ ಕೆಂಪು ಬಳೆ, ‘ಬಿ’ ಹಸುರು ಬಳೆ, ‘ಓ’ ಬಣ್ಣವಿಲ್ಲದ ಬರಿಯ ಗಾಜಿನ ಬಳೆ. ಕೆಂಪಿನ ಪಕ್ಕದಲ್ಲಿ ಬರಿಗಾಜು ಇದ್ದರೆ ನೋಡಿದವರ ಕಣ್ಣಿಗೆ ಕೆಂಪೇ ಕಾಣುತ್ತದೆ, ಗಾಜು ಇದ್ದೂ ಇಲ್ಲದಂತೆ. ಕೆಂಪೂ ಹಸುರೂ ಕೂಡಿದರೆ ಎರಡೂ ಕಾಣುತ್ತವೆ; ಅದೇ ‘ಎಬಿ’. ಎರಡೂ ಬರಿಗಾಜಾದರೆ ‘ಓ’. ಹೆತ್ತವರಲ್ಲಿ ಒಬ್ಬೊಬ್ಬರೂ ಮಗುವಿಗೆ ಕೊಡುವುದು ಒಂದೊಂದೇ ಬಳೆ. ಯಾವುದನ್ನು ಕೊಡುವರೆಂಬುದು ಯಾರ ಕೈಯಲ್ಲಿಯೂ ಇಲ್ಲ. ಕುರುಗೋಡಿನ ಮನೆಯಲ್ಲಿ ತಂದೆಯ ಕೆಂಪಿನ ಹಿಂದೆ ಒಂದು ಗಾಜು, ತಾಯಿಯ ಹಸುರಿನ ಹಿಂದೆ ಒಂದು ಗಾಜು ಅಡಗಿದ್ದವು. ಅಂಥ ದಂಪತಿಗಳಿಗೆ ‘ಎ’, ‘ಬಿ’, ‘ಎಬಿ’, ‘ಓ’ ಈ ನಾಲ್ಕರಲ್ಲಿ ಯಾವ ಮಗುವಾದರೂ ಹುಟ್ಟಬಹುದು, ನಾಲ್ಕಕ್ಕೂ ಸಮಪಾಲು. ತಂದೆಯ ಕೈಗೆ ಆ ಗಾಜು ಬಂದದ್ದಾದರೂ ಎಲ್ಲಿಂದ? ಅವನ ತಾಯಿಯಿಂದ, ಇಲ್ಲವೆ ತಂದೆಯಿಂದ. ಅಂದರೆ ಪ್ರಶ್ನೆ ಕೇಳಿದ ಅತ್ತೆಯೋ, ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿರುವ ಆಕೆಯ ಯಜಮಾನರೋ ಕೊಟ್ಟದ್ದನ್ನೇ ಮೊಮ್ಮಗ ತೋರಿಸುತ್ತಿದ್ದಾನೆ.

ಆರ್‌ಎಚ್ ಎಂಬ ಇನ್ನೊಂದು ಗುರುತಿನ ಕಥೆಯೂ ಹೀಗೆಯೇ. ಪಾಸಿಟಿವ್ ದಂಪತಿಗಳಿಗೆ ನೆಗೆಟಿವ್ ಮಗು ಹುಟ್ಟುವುದರಲ್ಲಿ ವಿಚಿತ್ರವೇನೂ ಇಲ್ಲ.

ರಕ್ತದ ಗುಂಪು ‘ಇವನೇ ತಂದೆ’ ಎಂದು ಎಂದಿಗೂ ಹೇಳಲಾರದು. ಒಂದೇ ಗುಂಪಿನ ಗಂಡಸರು ಲಕ್ಷಾಂತರ. ಹೆಚ್ಚೆಂದರೆ ‘ಇವನಲ್ಲ’ ಎಂದು ಹೇಳೀತು. ಆ ಮಾತನ್ನೂ ಲೋಕ ಕೇಳುವುದು ತನಗೆ ಬೇಕಾದಾಗ ಮಾತ್ರ. ನಗೆನಟ ಚಾರ್ಲಿ ಚಾಪ್ಲಿನ್‌ನ ಮೇಲೆ ಅಮೆರಿಕದಲ್ಲಿ ನಡೆದ ಮೊಕದ್ದಮೆಯಲ್ಲಿ ತಾಯಿ ‘ಎ’, ಮಗು ‘ಬಿ’, ಚಾಪ್ಲಿನ್ ‘ಓ’ ಎಂದು ಪರೀಕ್ಷೆ ಹೇಳಿತು. ಮಗುವಿನ ಹಸುರು ಬಳೆ ಈ ಇಬ್ಬರಿಂದಲೂ ಬಂದಿರಲಾರದು. ಆದರೂ 1945ರಲ್ಲಿ ಜೂರಿಗಳು ಆತನನ್ನೇ ತಂದೆಯೆಂದರು. ಅಲ್ಲಿ ಗಂಡಸಿನ ಪರವಾಗಿದ್ದ ಚೀಟಿ ಸೋತಿತು. ಇಲ್ಲಿ ಹೆಂಗಸಿನ ವಿರುದ್ಧವೆಂದು ತೋರುವ ಚೀಟಿ, ಯಾವ ವಿಚಾರಣೆಯೂ ಇಲ್ಲದೆ, ಅಡಿಗೆಮನೆಯಲ್ಲಿಯೇ ಗೆದ್ದುಬಿಡುತ್ತದೆ.

‘ಇವನಲ್ಲ’ ಎಂಬ ಮಾತೂ ತಪ್ಪಾಗುವ ಸಂದರ್ಭವೊಂದುಂಟು. ಅದು ಬೆಳಕಿಗೆ ಬಂದದ್ದು ಈ ದೇಶದಲ್ಲಿಯೇ. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು, ಆವರೆಗಿನ ಯಾವ ಗುಂಪಿಗೂ ಹೊಂದದ ರಕ್ತವನ್ನು ಕಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಬಾಂಬೆ ಗುಂಪು ಎಂಬ ಹೆಸರು ನಿಂತಿತು. ಕೆಂಪು ರಕ್ತಕಣದ ಮೇಲೆ ‘ಎಚ್’ ಎಂಬ ಮೂಲವಸ್ತುವೊಂದಿರುತ್ತದೆ. ಅದಕ್ಕೆ ಒಂದು ಸಕ್ಕರೆಯ ಅಂಶ ಸೇರಿದಾಗಲೇ ‘ಎ’ ಅಥವಾ ‘ಬಿ’ ಆಗುವುದು. ಬಾಂಬೆ ಗುಂಪಿನವರಲ್ಲಿ ಆ ಎಚ್ ಇಲ್ಲ. ಬಳೆಗಳು ಪೆಟ್ಟಿಗೆಯಲ್ಲಿವೆ, ತೊಡುವ ಕೈಯಿಲ್ಲ. ಸಾಮಾನ್ಯ ಪರೀಕ್ಷೆ ಅವರನ್ನು ‘ಓ’ ಎಂದೇ ಬರೆಯುತ್ತದೆ. ಆದರೆ ಅವರ ಮಗುವಿಗೆ ಇನ್ನೊಬ್ಬ ಹೆತ್ತವರಿಂದ ಎಚ್ ದೊರೆತರೆ, ಪೆಟ್ಟಿಗೆಯಲ್ಲಿದ್ದ ಹಸುರು ಬಳೆ ಥಟ್ಟನೆ ಮಗುವಿನ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಓ’ ಎಂದು ಬರೆಸಿಕೊಂಡ ಇಬ್ಬರಿಗೆ ‘ಬಿ’ ಮಗು! ಇಂಥಲ್ಲಿ ತಪ್ಪಿದ್ದು ತಾಯಿಯಲ್ಲ, ಅರ್ಧಕ್ಕೆ ನಿಂತ ಪರೀಕ್ಷೆ.

ಈ ಗುಂಪಿನವರು ಭಾರತದಲ್ಲಿ ಸುಮಾರು 10,000 ಜನರಿಗೆ ಒಬ್ಬರೆಂದು ಅಂದಾಜು. ಯೂರೋಪಿನಲ್ಲಿ ತೀರ ವಿರಳ. ಎಚ್ ಇಲ್ಲದಿರಬೇಕಾದರೆ ಆ ಕೊರತೆ ತಂದೆತಾಯಿ ಇಬ್ಬರಿಂದಲೂ ಬರಬೇಕು. ಬಂಧುಗಳಲ್ಲಿ ಹೆಣ್ಣು ತರುವ ಮನೆಗಳಲ್ಲಿ ಅದಕ್ಕೆ ದಾರಿ ಸುಲಭ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಬಳ್ಳಾರಿ ಸೀಮೆಗೆ ಹೊಸತಲ್ಲ. ಹೊಲ ಒಡೆಯದಿರಲಿ, ಹೆಣ್ಣು ಕಣ್ಮುಂದೆಯೇ ಇರಲಿ ಎಂಬ ಆಸೆ ಅದರ ಹಿಂದೆ. ಹೊಲದ ಜೊತೆಗೆ ಮುತ್ತಜ್ಜನ ಗುಪ್ತವಾದ ಕೊರತೆಯೂ ಎರಡು ಕವಲಾಗಿ ಇಳಿದು ಒಂದೇ ತೊಟ್ಟಿಲಲ್ಲಿ ಕೂಡುವುದುಂಟು. ಅಂಥವರಿಗೆ ‘ಓ’ ರಕ್ತ ಕೊಟ್ಟರೂ ಪ್ರಾಣಕ್ಕೇ ಅಪಾಯ. ಬಾಂಬೆ ರಕ್ತವೇ ಬೇಕು. ಆಗ ಮೊದಲು ಹುಡುಕುವುದು ಒಡಹುಟ್ಟಿದವರಲ್ಲಿ. ಅವರಲ್ಲಿ ಒಬ್ಬೊಬ್ಬರಲ್ಲಿಯೂ ಅದೇ ಗುಂಪು ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಒಮ್ಮೊಮ್ಮೆ ಅಷ್ಟು ಆಸರೆಯೂ ಸಿಕ್ಕುವುದಿಲ್ಲ. ಕೋಲಾರ ಜಿಲ್ಲೆಯ 38 ವರ್ಷದ ಮಹಿಳೆಯೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಚೀಟಿಯ ಪ್ರಕಾರ ಅವರದು ‘ಓ ಪಾಸಿಟಿವ್’. ಆದರೆ ಯಾವ ‘ಓ’ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದಲ್ಲಿ ಅವರ ಕುಟುಂಬದ 20 ಮಂದಿಯ ರಕ್ತವನ್ನು ಪರೀಕ್ಷಿಸಿದರು. ಒಬ್ಬರದೂ ಕೂಡಲಿಲ್ಲ. ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್ಲಿಗೆ ಕಳುಹಿಸಲಾಯಿತು. ಹತ್ತು ತಿಂಗಳ ಶೋಧನೆಯ ಮೇಲೆ ಅದು ಲೋಕದಲ್ಲಿ ಅದುವರೆಗೆ ಯಾರಲ್ಲಿಯೂ ಕಾಣದ ಗುರುತೆಂದು ತಿಳಿಯಿತು. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ತಜ್ಞರ ಸಭೆಯಲ್ಲಿ ಅದನ್ನು ‘ಕ್ರಿಬ್’ ಎಂಬ ಹೆಸರಿನಿಂದ ಸಾರಲಾಯಿತು. ಆ ಹೆಸರಿನಲ್ಲಿ ಬೆಂಗಳೂರಿನ ಅಕ್ಷರವೂ ಒಂದಿದೆ. ಮಹಿಳೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಅಷ್ಟರಲ್ಲಿ ಮುಗಿಸಿದ್ದರು, ಬೇರೊಬ್ಬರ ಒಂದು ತೊಟ್ಟು ರಕ್ತವನ್ನೂ ಕೊಡದೆ.