ಮಳೆಯ ಲೆಕ್ಕ, ವಾಕ್ಯದ ಸರದಿ

ಸಂವತ್ಸರವು ಎಂದಿನಿಂದ ಮೊದಲಾಗುವುದೆಂಬ ವಿಷಯದಲ್ಲಿ ಕೊಡಗಿನ ನಮ್ಮ ಹುದಿಕೇರಿಯವರಿಗೆ ಏಕಾಭಿಪ್ರಾಯವಿಲ್ಲ. ಬ್ಯಾಂಕಿನವರಿಗೆ ಅದು ಏಪ್ರಿಲ್ 1. ಅದಾಗಿ ಎರಡು ವಾರಕ್ಕೆ ಕೊಡವರ ಎಡಮ್ಯಾರ್ ತಿಂಗಳು ಹುಟ್ಟುವುದು. ಶಾಲೆಯ ಮಕ್ಕಳಿಗೆ ಜೂನ್ ತಿಂಗಳ ಮಳೆಯೊಡನೆ. ಕಾಫಿಯ ಲೆಕ್ಕದಲ್ಲಿ ಅಕ್ಟೋಬರ್. ಇವೆಲ್ಲ ಮುಗಿದ ಮೇಲೆ, ಯಾರ ಗಮನಕ್ಕೂ ಅಷ್ಟಾಗಿ ಬಾರದೆ, ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕನೆಯ ಭಾನುವಾರ, ಎಂದರೆ ನವೆಂಬರ್ 27ಕ್ಕೂ ಡಿಸೆಂಬರ್ 3ಕ್ಕೂ ನಡುವೆ ಬೀಳುವ ಒಂದು ಭಾನುವಾರ, ಕಥೋಲಿಕ ಧರ್ಮಸಭೆಯ ವರ್ಷವು ಪ್ರಾರಂಭವಾಗುತ್ತದೆ. ಗುರುಗಳ ಪೂಜಾವಸ್ತ್ರವು ಹಸಿರಿನಿಂದ ನೇರಳೆಗೆ ತಿರುಗುವುದೊಂದೇ ಅದರ ಬಾಹ್ಯ ಕುರುಹು. ಆ ದಿನಗಳಲ್ಲಿ ಊರಿನ ಮನಸ್ಸೆಲ್ಲ ಪುತ್ತರಿಯ ಕದಿರಿನ ಮೇಲೆ. ಉಳಿದದ್ದು ಹಣ್ಣಾಗಿ ನಿಂತ ಅರೇಬಿಕಾದ ಮೇಲೆ. ಆಗಮನ ಕಾಲದ ಆ ಮೊದಲ ಭಾನುವಾರದ ಶುಭಸಂದೇಶವಾದರೋ ಯಾವ ವರ್ಷವೇ ಆಗಲಿ ಹೇಳುವುದು ಒಂದನ್ನೇ: ಎಚ್ಚರವಾಗಿರಿ, ಯಜಮಾನನು ಬರುವ ಹೊತ್ತು ನಿಮಗೆ ತಿಳಿಯದು.

ಎಚ್ಚರವಿರುವುದೆಂದರೆ ಏನೆಂದು ಇಲ್ಲಿಯವರಿಗೆ ಯಾರೂ ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ. ತೆನೆ ಬಲಿತ ಗದ್ದೆಗೆ ಬ್ರಹ್ಮಗಿರಿಯ ಕಡೆಯಿಂದಲೋ ನಾಗರಹೊಳೆಯ ಕಡೆಯಿಂದಲೋ ಆನೆಗಳು ಇಳಿಯುವ ತಿಂಗಳು ಅದು. ಅಟ್ಟಣಿಗೆಯ ಮೇಲೆ ಕಂಬಳಿ ಹೊದ್ದು, ಟಾರ್ಚು, ಪಟಾಕಿಗಳನ್ನು ಪಕ್ಕದಲ್ಲಿರಿಸಿಕೊಂಡು, ಬಿದಿರು ಮುರಿವ ಸದ್ದಿಗೆ ಕಿವಿಗೊಟ್ಟು ರಾತ್ರಿ ಕಳೆದವನು ಬೆಳಗಿನ ಪೂಜೆಗೆ ಬಂದು, ಎಚ್ಚರವಿರಬೇಕೆಂಬ ವಾಕ್ಯವನ್ನು ಕೇಳುತ್ತ ಕೇಳುತ್ತಲೇ ಗೋಡೆಗೊರಗಿ ನಿದ್ರೆಹೋಗುವುದನ್ನು ನಾನು ಕಂಡಿದ್ದೇನೆ. ಅಂಥವನನ್ನು ಎಬ್ಬಿಸಲು ಯಾರಿಗೂ ಮನಸ್ಸು ಬಾರದು.

ಧರ್ಮಸಭೆಯ ಈ ವರ್ಷಕ್ಕೊಂದು ಪಠ್ಯಕ್ರಮವುಂಟು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನೆಯ ವಿಷಯದಲ್ಲಿ ಹೊರಡಿಸಿದ ಶಾಸನವು, ವಿಶ್ವಾಸಿಗಳಿಗೆ ಧರ್ಮಗ್ರಂಥದ ಭಂಡಾರವನ್ನು ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕೆಂದು ವಿಧಿಸಿತು. ಅದರಂತೆ 1969ರಲ್ಲಿ ಹೊಸ ವಾಚನಕ್ರಮವು ಸಿದ್ಧವಾಯಿತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಇಸವಿಯು ಮೂರರಿಂದ ನಿಶ್ಶೇಷವಾಗಿ ಭಾಗವಾದರೆ ಅದು ಲೂಕನ ವರ್ಷವೆಂದು ತಿಳಿಯಬಹುದು. 2025 ಹಾಗೆ ಲೂಕನದಾಗಿತ್ತು. ಯೊವಾನ್ನನಿಗೆ ಸ್ವಂತವಾಗಿ ವರ್ಷವಿಲ್ಲ. ಆತನು ಪಾಸ್ಖ ಕಾಲದಲ್ಲಿಯೂ, ಮಾರ್ಕನ ವರ್ಷದ ನಡುವೆ ಐದು ಭಾನುವಾರಗಳಲ್ಲಿಯೂ ಬಂದು ಹೋಗುವನು. ಸಾಧಾರಣ ಕಾಲದ ವಾರದ ದಿನಗಳ ಮೊದಲ ವಾಚನಕ್ಕೆ ಬೇರೆಯೇ ಎರಡು ವರ್ಷದ ಸುತ್ತು. ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚಿಕೆಯಾದುದು ಅದರ ಔದಾರ್ಯಕ್ಕಿಂತ ಹೆಚ್ಚಾಗಿ ಅದರ ನಿರ್ದಾಕ್ಷಿಣ್ಯ. ಇಂದು ನಿನಗೆ ಯಾವ ವಾಕ್ಯ ಬೇಕೆಂದು ಅದು ಕೇಳುವುದಿಲ್ಲ. ಸರದಿಯಲ್ಲಿ ಯಾವುದು ಬಂದಿದೆಯೋ ಅದೇ ಇಂದಿನ ಪಾಲು. ಬೈಬಲನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟ ಕಡೆ ಓದಿ, ಅದನ್ನೇ ದೈವವಾಣಿಯೆಂದು ಭಾವಿಸುವ ಭಕ್ತರು ನಮ್ಮಲ್ಲಿ ಉಂಟು. ಅವರ ಭಕ್ತಿಯ ವಿಷಯದಲ್ಲಿ ನನಗೆ ಗೌರವವೇ. ಆದರೆ ಪದೇ ಪದೇ ತೆರೆದ ಜಾಗದಲ್ಲಿ ಪುಸ್ತಕದ ಬೆನ್ನು ಮಣಿದಿರುವುದರಿಂದ, ಅವರಿಗೆ ದೊರೆಯುವುದು ಬಹುಶಃ ಸಮಾಧಾನದ ಕೀರ್ತನೆಗಳೇ.

ನಮ್ಮ ಸೀಮೆಗೆ ಈ ವರ್ಷಚಕ್ರ ಬಂದ ಬಗೆಯೂ ಸಾಮಾನ್ಯವಾದುದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದುದು ಬೂದಿ ಬುಧವಾರದಂದು ಮೊದಲಾಯಿತೆಂದು ಆ ಜನರ ಪರಂಪರೆ ಹೇಳುತ್ತದೆ. ಘಟ್ಟ ಹತ್ತಿ, ಕಾಡು ಹಾದು ನಡೆದ ಆ ಪ್ರಯಾಣಕ್ಕೆ ಹಿಡಿದುದು ಸುಮಾರು ಆರು ವಾರ. ಬೂದಿ ಬುಧವಾರದಿಂದ ತೊಡಗುವ ತಪಸ್ಸುಕಾಲದ ಪ್ರಮಾಣವೂ ಅಷ್ಟೇ ಎಂಬುದನ್ನು ನೆನೆದಾಗ, ಆ ವರ್ಷ ಆ ಜನರು ಯಾವ ಗ್ರಂಥದ ನೆರವೂ ಇಲ್ಲದೆ ಕಾಲ್ನಡಿಗೆಯಲ್ಲಿಯೇ ಆ ಕಾಲವನ್ನು ಆಚರಿಸಿದರೆಂದು ತೋರುವುದು. ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಒಡೆಯರು ಆಶ್ರಯವಿತ್ತು, ತಮ್ಮ ಹೆಸರಿನ ಹೊಸ ಪೇಟೆಯಲ್ಲಿ ನೆಲ ಕೊಟ್ಟರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ತಲೆಯೆತ್ತಿದುದು ಹಾಗೆ. ಕೊಡಗಿನ ಲ್ಯಾಟಿನ್ ಕ್ರಮದ ಧರ್ಮಕೇಂದ್ರಗಳು ಇಂದು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿವೆ. ಸಂತ ಅನ್ನಮ್ಮನವರ ಸ್ಮರಣೆಯ ದಿನವಾದ ಜುಲೈ 26 ಕಕ್ಕಡ ತಿಂಗಳಿನಲ್ಲಿ, ಕೊಡೆ ಹಿಡಿದರೂ ಮೊಣಕಾಲಿನವರೆಗೆ ತೋಯುವಂಥ ಮಳೆಯಲ್ಲಿ ಬೀಳುತ್ತದೆ.

ನನ್ನ ತಂದೆಯವರು ಇಲ್ಲಿಯ ತೋಟವೊಂದರಲ್ಲಿ ರೈಟರಾಗಿದ್ದರು. ಮನೆಯಲ್ಲಿ ಕೊಂಕಣಿ, ಆಳುಗಳ ಲೈನಿನಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ಕೊಡವ ತಕ್ಕ್, ಪೂಜೆಯಲ್ಲಿ ಲ್ಯಾಟಿನ್ ಎಂಬ ನಾಲ್ಕು ಭಾಷೆಗಳ ನಡುವೆ ಅವರ ದಿನಚರಿ ಸಾಗಿತ್ತು. ಅವರ ಮಳೆಪುಸ್ತಕವೊಂದು ನನ್ನಲ್ಲಿ ಉಳಿದಿದೆ. ಕೊಡಗಿನಲ್ಲಿ ಮಳೆಯನ್ನು ಅಳೆಯುವುದು ಇಂಚು ಮತ್ತು ಸೆಂಟುಗಳಲ್ಲಿ. ಬೆಳಗ್ಗೆ ಅಳತೆಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎಡಗಡೆಯ ಪುಟದಲ್ಲಿ ಅದನ್ನು ಬರೆದು, ಬಲಗಡೆಯ ಪುಟದಲ್ಲಿ ಅಂದಿನ ಕೆಲಸವನ್ನೂ, ಭಾನುವಾರವಾದರೆ ಶುಭಸಂದೇಶದ ಅಧ್ಯಾಯವನ್ನೂ ಅವರು ಗುರುತುಮಾಡುತ್ತಿದ್ದರು. ವ್ಯಾಖ್ಯಾನವಿಲ್ಲ, ಪ್ರಾರ್ಥನೆಯಿಲ್ಲ, ಸೀಸದ ಕಡ್ಡಿಯ ಸಣ್ಣ ಅಕ್ಷರದಲ್ಲಿ ಲೂಕ ಇಷ್ಟು, ಮತ್ತಾಯ ಇಷ್ಟು ಎಂದು ಮಾತ್ರ.

ಆಗಿನ ಹಳೆಯ ಕ್ರಮದಲ್ಲಿ ಮೂರು ವರ್ಷದ ಸುತ್ತಿರಲಿಲ್ಲ. ಪ್ರತಿವರ್ಷವೂ ಅದೇ ಭಾನುವಾರಕ್ಕೆ ಅದೇ ಪಾಠ. ಬೂದಿ ಬುಧವಾರಕ್ಕೆ ಹಿಂದಿನ ಮೂರನೆಯ ಭಾನುವಾರಕ್ಕೆ ಗೊತ್ತಾಗಿದ್ದುದು ಮತ್ತಾಯನ ಇಪ್ಪತ್ತನೆಯ ಅಧ್ಯಾಯ, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ಬೆಳಗಿನಿಂದ ದುಡಿದವನಿಗೂ, ಹೊತ್ತು ಮುಳುಗಲು ಒಂದು ಗಂಟೆಯಿರುವಾಗ ಬಂದವನಿಗೂ ಯಜಮಾನನು ಒಂದೇ ಕೂಲಿ ಕೊಡುತ್ತಾನೆ. ಕೊನೆಯಲ್ಲಿ ಬಂದವರಿಗೆ ಮೊದಲು ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ಜನವರಿ ಕಡೆಯಲ್ಲೋ ಫೆಬ್ರವರಿಯಲ್ಲೋ ಬೀಳುತ್ತಿದ್ದ ಆ ಭಾನುವಾರ ನಮ್ಮಲ್ಲಿ ರೋಬಸ್ಟಾ ಕೊಯ್ಲಿನ ಭರದ ಕಾಲ. ಹಿಂದಿನ ದಿನವಷ್ಟೇ ಬಟವಾಡೆ ಮಾಡಿ, ಚೆಕ್‌ರೋಲಿನಲ್ಲಿ ಪೂರ್ತಿ ಹಾಜರಿ, ಅರ್ಧ ಹಾಜರಿಗಳ ತಕರಾರನ್ನು ಕೇಳಿ ಕೇಳಿ ದಣಿದ ರೈಟರೊಬ್ಬನು ಮರುದಿನ ಬೆಳಗ್ಗೆ ಈ ಕಥೆಗೆ ಕಿವಿಗೊಡಬೇಕಾದ ಸ್ಥಿತಿಯನ್ನು ಊಹಿಸಬಹುದು. ಮಳೆಪುಸ್ತಕದಲ್ಲಿ ಒಂದು ವರ್ಷ ‘ಮತ್ತಾಯ 20’ರ ಪಕ್ಕದಲ್ಲಿ ಎರಡೇ ಮಾತು ಹೆಚ್ಚಾಗಿ ಬಿದ್ದಿವೆ: ‘ಗೊಣಗಾಟ ಕಡಿಮೆ.’ ಅದು ತೋಟದ ವಿಷಯವೋ, ಶುಭಸಂದೇಶದ ವಿಷಯವೋ, ತಮ್ಮ ಮನಸ್ಸಿನ ವಿಷಯವೋ ಅವರು ತಿಳಿಸಿಲ್ಲ.

ಹೊಸ ಕ್ರಮದಲ್ಲಿ ಆ ಸಾಮತಿ ಮತ್ತಾಯನ ವರ್ಷದ ಸೆಪ್ಟೆಂಬರಿಗೆ ಸರಿದಿದೆ. ಆಗ ನಮ್ಮಲ್ಲಿ ಕಳೆ ಕೊಚ್ಚುವ, ಗೊಬ್ಬರ ಹಾಕುವ ದಿನಗೂಲಿಯ ಕಾಲ. ಚುರುಕಾದವನಿಗೂ ಸೋಮಾರಿಗೂ ಒಂದೇ ಹಾಜರಿಯಾದುದರಿಂದ ಕಥೆಯ ಮೊನೆ ಅಷ್ಟಾಗಿ ಚುಚ್ಚುವುದಿಲ್ಲ. ಕೊಯ್ಲಿನಲ್ಲಿ, ಕಿತ್ತಷ್ಟಕ್ಕೆ ಕೂಲಿ ಎಂಬ ನಿಯಮದಲ್ಲಿ ದುಡಿದವರಿಗೇ ಅದು ನಿಜವಾಗಿ ಅನ್ಯಾಯವೆನಿಸಬೇಕಾದ ಕಥೆ. ವಾಚನಕ್ರಮವನ್ನು ತಿದ್ದಿದ ಪಂಡಿತರ ಮೇಲೆ ನನ್ನದೊಂದು ಆಕ್ಷೇಪವಿದ್ದರೆ ಅದು ಇಷ್ಟೇ. ಕೊಡಗಿನ ಕೊಯ್ಲನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಾರರು.

ಆದರೆ ಹೊಸ ಕ್ರಮವೇ ಇನ್ನೊಂದು ಉಪಕಾರವನ್ನೂ ಮಾಡಿದೆ. ಲೂಕನ ವರ್ಷದಲ್ಲಿ, ತಪಸ್ಸುಕಾಲ ತಡವಾಗಿ ಬಂದರೆ, ಫೆಬ್ರವರಿಯ ಒಂದು ಭಾನುವಾರ ಆತನ ಆರನೆಯ ಅಧ್ಯಾಯದ ಅಳತೆಯ ಮಾತು ಬರುತ್ತದೆ: ಕೊಟ್ಟವರಿಗೆ ಅಳೆದು ಕೊಡುವಾಗ ಕಾಳನ್ನು ಒತ್ತಿ, ಕುಲುಕಿ, ಹೊರಚೆಲ್ಲುವಷ್ಟು ತುಂಬಿ ಕೊಡಲಾಗುವುದೆಂಬುದು ಅದರ ತಾತ್ಪರ್ಯ. ತೂಕದ ಯಂತ್ರಗಳು ಬರುವ ಮುಂಚೆ ಕಣದ ಬದಿಯಲ್ಲಿ ಸಂಜೆ ಬುಶೆಲ್ ಪೆಟ್ಟಿಗೆಯಲ್ಲಿ ಹಣ್ಣು ಅಳೆಯುತ್ತಿದ್ದುದನ್ನು ಕಂಡವರಿಗೆ ಈ ವಾಕ್ಯ ಕೇಳಿದೊಡನೆ ನಗು ಬರುವುದು. ಹೆಂಗಸರು ಚೀಲ ಮಗುಚಿದ ಮೇಲೆ ಹಣ್ಣನ್ನು ಒತ್ತುವುದೂ ಪೆಟ್ಟಿಗೆಯನ್ನು ಕುಲುಕುವುದೂ ತೋಟದ ಕಡೆಯವರ ಕೈಚಳಕ. ಒತ್ತಿದಷ್ಟೂ ಹಿಡಿಸುವುದು ಹೆಚ್ಚು, ಕೂಲಿ ಏರುವುದು ಕಡಿಮೆ. ಶುಭಸಂದೇಶದಲ್ಲಿ ಔದಾರ್ಯದ ಲಕ್ಷಣವಾದುದೇ ಕಣದಲ್ಲಿ ಜಿಪುಣತನದ ಲಕ್ಷಣ. ಯಾವ ಕೈ ಯಾರ ಪೆಟ್ಟಿಗೆಯನ್ನು ಕುಲುಕುತ್ತಿದೆ ಎಂಬುದನ್ನು ನೋಡದೆ ಆ ವಾಕ್ಯವನ್ನು ಬೋಧಿಸುವ ಪ್ರಬೋಧನೆಗಳನ್ನು ಎಷ್ಟೋ ಕೇಳಿದ್ದೇನೆ. ಲೈನಿನ ಹೆಂಗಸರು ಆ ಹೊತ್ತಿನಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು.

ತಪಸ್ಸುಕಾಲವು ನಮ್ಮಲ್ಲಿ ಆಕಾಶವನ್ನು ನೋಡುವ ಕಾಲವೂ ಹೌದು. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಹೊರಗೆ ಬಂದವರ ಮೊದಲ ಮಾತು ಹೂಮಳೆಯದು. ಫೆಬ್ರವರಿ ಮಾರ್ಚಿನಲ್ಲಿ ಒಂದು ಇಂಚಾದರೂ ಬಿದ್ದರೆ ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬಿಳುಪಾಗಿ, ಮಲ್ಲಿಗೆಯಂಥ ಪರಿಮಳವು ಚರ್ಚಿನ ಕಿಟಕಿಯೊಳಗೂ ನುಗ್ಗುವುದು. ಉಪವಾಸದ ಗಾಂಭೀರ್ಯಕ್ಕೆ ಅದು ಸ್ವಲ್ಪವೂ ಹೊಂದುವುದಿಲ್ಲ. ಮಳೆ ಅರೆಬರೆಯಾದರೆ ಮೊಗ್ಗು ಕರಟುವುದು. ಹೂ ಅರಳಿದ ಮೇಲೆ ಎರಡು ಮೂರು ವಾರದೊಳಗೆ ಮತ್ತೊಂದು ಮಳೆ ಬಾರದಿದ್ದರೆ ಕಟ್ಟಿದ ಕಾಯಿಯೂ ನಿಲ್ಲುವುದಿಲ್ಲ. ಮುಂಗಾರು ಹಿಂಗಾರುಗಳಿಗಾಗಿ ತಾಳ್ಮೆಯಿಂದ ಕಾದಿರುವ ರೈತನನ್ನು ಯಕೋಬನು ತನ್ನ ಪತ್ರದಲ್ಲಿ ಮೆಚ್ಚುವನಷ್ಟೆ. ಆ ವಾಚನವು ಆಗಮನ ಕಾಲಕ್ಕೆ ಗೊತ್ತಾಗಿದೆ, ಎಂದರೆ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಹಾಳಾಗುವ ಕಾಲಕ್ಕೆ. ಡಿಸೆಂಬರಿನಲ್ಲಿ ಮೋಡ ಕಂಡರೆ ಟಾರ್ಪಾಲು ಹುಡುಕುವ ನಾವು ಮಳೆಗಾಗಿ ಕಾಯುವ ಮಾತನ್ನು ಆಗ ಕೇಳಿ, ಮಾರ್ಚಿನಲ್ಲಿ ಅದನ್ನು ನೆನಪಿನಿಂದ ತೆಗೆಯಬೇಕು. ವಾಕ್ಯವು ಹೀಗೆ ಮೂರು ತಿಂಗಳು ಮುಂಚೆಯೇ ಬಂದು ಕೂರುವುದು ಅನನುಕೂಲವೆಂದು ಮೊದಲು ತೋರುತ್ತಿತ್ತು. ಈಗ ಹಾಗೆ ತೋರುವುದಿಲ್ಲ. ಮೋಡವೇ ಇಲ್ಲದ ಮಾರ್ಚಿನ ಮಧ್ಯಾಹ್ನದಲ್ಲಿ ತಾಳ್ಮೆಯ ಉಪದೇಶವನ್ನು ಹೊಸದಾಗಿ ಕೇಳುವ ಸಹನೆ ಯಾರಿಗಿರುತ್ತದೆ?

ಇನ್ನು ಸಾಧಾರಣ ಕಾಲ. ವರ್ಷದ ಮೂವತ್ತಮೂರೋ ಮೂವತ್ತನಾಲ್ಕೋ ವಾರಗಳನ್ನು ಆಕ್ರಮಿಸುವ ಈ ಹಸಿರು ವಸ್ತ್ರದ ಅವಧಿಯಲ್ಲಿ ದೊಡ್ಡ ಹಬ್ಬಗಳು ಕಡಿಮೆ. ಇಲ್ಲಿಯ ಬದುಕಿನಲ್ಲಿ ಅದರ ಬಹುಭಾಗ ಮಳೆಗಾಲವೇ. ವಿಶ್ವಾಸದ ನಿಜವಾದ ಕ್ಷೇತ್ರ ಇದೆಂದು ನನ್ನ ಅಭಿಪ್ರಾಯ. ಕ್ರಿಸ್ತಜಯಂತಿಯಲ್ಲಿ ಭಕ್ತನಾಗಿರುವುದಕ್ಕೆ ಯಾರಿಗೂ ಕಷ್ಟವಿಲ್ಲ. ಲಕ್ಷ್ಮಣತೀರ್ಥ ಉಕ್ಕಿ, ಮರ ಬಿದ್ದು ಕರೆಂಟು ಹೋಗಿ, ಬಟ್ಟೆ ಒಣಗದೆ ಒಲೆಯ ಮೇಲಿನ ಅಟ್ಟದಲ್ಲಿ ನೇತಾಡುತ್ತಿರುವ ಜುಲೈ ತಿಂಗಳಲ್ಲಿ, ಸಾಧಾರಣ ಕಾಲದ ಹದಿನೈದನೆಯ ಭಾನುವಾರದ ಪಾಠಕ್ಕೆ ಬರುವವರೇ ಬೇರೆ. ಮತ್ತಾಯನ ವರ್ಷದಲ್ಲಿ ಅಂದು ಬಿತ್ತುವವನ ಸಾಮತಿ. ದಾರಿಯ ಮೇಲೂ ಬಂಡೆಯ ಮೇಲೂ ಮುಳ್ಳಿನಲ್ಲಿಯೂ ಬೀಜ ಚೆಲ್ಲುವ ಆ ಬಿತ್ತುವವನನ್ನು ನಮ್ಮ ಗದ್ದೆಯವರು ಒಳ್ಳೆಯ ಬೇಸಾಯಗಾರನೆಂದು ಒಪ್ಪಲಾರರು. ಸಸಿಮಡಿಯಿಂದ ಕಿತ್ತು, ಕಟ್ಟು ಕಟ್ಟಿ, ಕೆಸರಿನಲ್ಲಿ ಬಾಗಿ ಒಂದೊಂದಾಗಿ ನಾಟಿ ಮಾಡುವವರಿಗೆ ಆ ದುಂದುಗಾರಿಕೆ ವಿಚಿತ್ರವೇ. ಮರುವಾರ ಗೋದಿಯ ನಡುವಿನ ಕಳೆಯನ್ನು ಕೀಳಬೇಡಿರೆಂಬ ಉಪದೇಶ. ವಾರವಿಡೀ ಕಳೆಯೊಡನೆ ಹೋರಾಡಿದವರು ಅದನ್ನು ಸುಮ್ಮನೆ ಕೇಳಿಸಿಕೊಳ್ಳುವರು.

ಮಾರ್ಕನ ವರ್ಷದಲ್ಲಾದರೆ ಜುಲೈ ಕಡೆಯಿಂದ ಆಗಸ್ಟ್‌ವರೆಗೆ ಐದು ಭಾನುವಾರ ಯೊವಾನ್ನನ ಆರನೆಯ ಅಧ್ಯಾಯ: ರೊಟ್ಟಿ, ಮತ್ತೆ ರೊಟ್ಟಿ. ಪ್ರಬೋಧನೆ ಮಾಡುವ ಗುರುಗಳಿಗೇ ಐದನೆಯ ವಾರಕ್ಕೆ ಮಾತು ಸಾಲದೆ ಬರುವುದುಂಟು. ಆದರೆ ಹಿಂದಿನವರಿಗೆ ಕಕ್ಕಡವೆಂದರೆ ಕಣಜದ ತಳ ಕಾಣುವ ತಿಂಗಳು. ಹದಿನೆಂಟನೆಯ ದಿನ ಮದ್ದುತೊಪ್ಪಿನ ಪಾಯಸ ಕುಡಿದು ಮೈಯನ್ನು ಮಳೆಗೆ ಅಣಿಗೊಳಿಸಿಕೊಳ್ಳುತ್ತಿದ್ದ ಕಾಲ. ಅಂಥ ತಿಂಗಳಿಗೆ ಈ ಪಾಠ ಬಿದ್ದುದು ಯಾರ ಯೋಜನೆಯೂ ಅಲ್ಲ, ಲೆಕ್ಕಾಚಾರದ ಆಕಸ್ಮಿಕ. ಕುಟ್ಟದ ಆಚೆ ವಯನಾಡಿನ ಸಿರೋ ಮಲಬಾರ್ ಬಂಧುಗಳ ಪಂಚಾಂಗದಲ್ಲಿಯಂತೂ ಪೂರ್ವದೇಶದ ಬಿಸಿಲನ್ನು ನೆನೆಯುವ ಗ್ರೀಷ್ಮದ ಕಾಲವು ಇದೇ ಜಡಿಮಳೆಯಲ್ಲಿ ಬರುತ್ತದೆ. ಅವರೂ ಕೊಡೆ ಹಿಡಿದು ಅದನ್ನು ಆಚರಿಸುತ್ತಾರೆ.

ಮತ್ತಾಯನ ವರ್ಷ ಮುಗಿಯುವುದು ನವೆಂಬರ್ ಕಡೆಯ ವಾರಗಳಲ್ಲಿ, ಕ್ರಿಸ್ತರಾಜರ ಹಬ್ಬದಂದು, ಆತನ ಇಪ್ಪತ್ತೈದನೆಯ ಅಧ್ಯಾಯದ ನ್ಯಾಯತೀರ್ಪಿನೊಡನೆ: ಹಸಿದವನಿಗೆ ಅನ್ನ ಕೊಟ್ಟಿರಾ, ಪರಸ್ಥಳದವನನ್ನು ಬರಮಾಡಿಕೊಂಡಿರಾ ಎಂಬ ವಿಚಾರಣೆ. ನಮ್ಮ ಸೀಮೆಯಲ್ಲಿ ಆ ವಾರವೇ ಕೊಯ್ಲಿನ ಆಳುಗಳು ಬಂದಿಳಿಯುವ ವಾರ. ಹಿಂದೆ ಮೈಸೂರು ಸೀಮೆಯಿಂದ ಬರುತ್ತಿದ್ದರು. ಈಗ ಅಸ್ಸಾಮಿನಿಂದ, ಚೀಲವೊಂದು, ಮೊಬೈಲೊಂದು, ಹೆಗಲಲ್ಲೊಂದು ಮಗು ಹೊತ್ತು ಬರುತ್ತಾರೆ. ಪೂಜೆ ಮುಗಿದು ಹೊರಗೆ ಕಾಫಿ ಕುಡಿಯುತ್ತ ತೋಟದವರೂ ರೈಟರುಗಳೂ ಮಾತಾಡಿಕೊಳ್ಳುವುದು ಅವರ ವಿಷಯವನ್ನೇ. ಜೀಪು ಎಷ್ಟು ಹೊತ್ತಿಗೆ ಬರುತ್ತದೆ, ಮೇಸ್ತ್ರಿ ಎಷ್ಟು ಜನರನ್ನು ಒಪ್ಪಿದ್ದಾನೆ, ಕಳೆದ ಮಳೆಗಾಲದಲ್ಲಿ ಹೆಂಚು ಹಾರಿದ ಕೆಳಗಿನ ಲೈನಿನ ಮೂರನೆಯ ಮನೆಗೆ ಹೆಂಚು ಹೊದಿಸಿ ಆಯಿತೋ ಇಲ್ಲವೋ, ಆಗದಿದ್ದರೆ ಅವರನ್ನು ಈ ರಾತ್ರಿ ಎಲ್ಲಿ ಮಲಗಿಸುವುದು.